ಹೆಸರಿನ ತಲೆಕಟ್ಟು

— ಶಿ. ಮು. ಸ., ಅಂತಿಮ ಬಿ.ಎ.

ಕಾಲೇಜು ತೆರೆದ ಮೊದಲ ವಾರ ಅಧ್ಯಾಪಕರು ಹಾಜರಿ ಕೂಗುವುದನ್ನು ಕೇಳುವುದೇ ಒಂದು ಸೊಗಸು. ನಮ್ಮ ತರಗತಿಯಲ್ಲಿ ಮಹದೇವಸ್ವಾಮಿಗಳು ಮೂವರು, ಸಿದ್ದರಾಜುಗಳು ಇಬ್ಬರು, ರಂಗಸ್ವಾಮಿಗಳು ಇಬ್ಬರು. ಇದರಲ್ಲಿ ಸೋಜಿಗವೇನೂ ಇಲ್ಲ. ಒಂದು ಕಡೆ ಬೆಟ್ಟದ ಮಾದೇಶ್ವರ, ಒಂದು ಕಡೆ ಚಿಕ್ಕಲ್ಲೂರಿನ ಸಿದ್ದಪ್ಪಾಜಿ, ನಡುವೆ ನಮ್ಮ ಶಿವನಸಮುದ್ರದ ರಂಗನಾಥ. ಇವರನ್ನು ಬಿಟ್ಟು ಮಕ್ಕಳಿಗೆ ಬೇರೆ ಹೆಸರು ಹುಡುಕುವ ತೊಂದರೆಯನ್ನು ನಮ್ಮ ಸೀಮೆಯ ಹಿರಿಯರು ಬಹುಕಾಲ ತೆಗೆದುಕೊಳ್ಳಲಿಲ್ಲ. ಆದ್ದರಿಂದ ಅಧ್ಯಾಪಕರು ಹೆಸರಿಗಿಂತ ಹೆಚ್ಚಾಗಿ ಅದರ ಹಿಂದಿರುವ ಎರಡು ಅಕ್ಷರಗಳನ್ನೇ ಒತ್ತಿ ಕೂಗುತ್ತಾರೆ. ಕನ್ನಡ ಅಕ್ಷರಕ್ಕೆ ತಲೆಕಟ್ಟು ಹೇಗೋ ಹಾಗೆ ನಮ್ಮ ಹೆಸರಿಗೆ ಈ ಇನಿಷಿಯಲ್. ಅದು ಬೀಳದೆ ಹೆಸರು ಪೂರ್ತಿಯಾದಂತೆ ಯಾರಿಗೂ ಅನ್ನಿಸುವುದಿಲ್ಲ.

ನನ್ನ ತಲೆಕಟ್ಟು ‘ಎಸ್.ಎಂ.’ ಮೊದಲನೆಯದು ಶಿವನಸಮುದ್ರ. ಬಸ್ಸಿನಲ್ಲಿ ‘ಬ್ಲಫ್’ ಎಂದರೆ ಮಾತ್ರ ಕಂಡಕ್ಟರಿಗೆ ಬೇಗ ತಿಳಿಯುವ ಊರು. ಎರಡನೆಯ ಅಕ್ಷರದ ವಿಷಯವನ್ನು ಮುಂದೆ ಹೇಳುತ್ತೇನೆ. ಈ ಲೇಖನಕ್ಕೆ ಕಾರಣವಾದುದೇ ಅದು.

ಊರು, ತಂದೆ, ತಾನು—ಇದು ಹಳೆಯ ಮೈಸೂರಿನವರ ಹೆಸರಿನ ಕ್ರಮ. ಕುಪ್ಪಳಿಯ ವೆಂಕಟಪ್ಪನವರ ಮಗ ಪುಟ್ಟಪ್ಪನವರು ಕುವೆಂಪು ಆದದ್ದು ಹೀಗೆ. ನಮ್ಮ ಮಂಡ್ಯ ಜಿಲ್ಲೆಯ ಹಳ್ಳಿಗಳು ಕನ್ನಡ ಸಾಹಿತ್ಯದ ಮೊದಲ ಪುಟದಲ್ಲಿ ಅಡಗಿ ಕುಳಿತಿರುವುದೂ ಹೀಗೆಯೇ. ಬಿ. ಎಂ. ಶ್ರೀಕಂಠಯ್ಯನವರ ‘ಬಿ’ ನಾಗಮಂಗಲ ತಾಲ್ಲೂಕಿನ ಬೆಳ್ಳೂರು, ಕೆ. ಎಸ್. ನರಸಿಂಹಸ್ವಾಮಿಯವರ ‘ಕೆ’ ಕಿಕ್ಕೇರಿ, ಎ. ಎನ್. ಮೂರ್ತಿರಾಯರ ‘ಎ’ ಅಕ್ಕಿಹೆಬ್ಬಾಳು. ಮೇಲುಕೋಟೆಯ ಪು.ತಿ.ನ. ಅವರಲ್ಲಿ ಮಾತ್ರ ‘ಪು’ ಎಂದರೆ ಪುರೋಹಿತ; ಅಲ್ಲಿ ಊರಿನ ಜಾಗದಲ್ಲಿ ಮನೆಯ ವೃತ್ತಿ ಕುಳಿತಿದೆ. ಊರು ಕೈಬಿಟ್ಟು ಹೋದರೂ ಅಕ್ಷರ ಕೈಬಿಡುವುದಿಲ್ಲವೆಂಬುದಕ್ಕೆ ವಿಶ್ವೇಶ್ವರಯ್ಯನವರೇ ಸಾಕ್ಷಿ. ಅವರು ಹುಟ್ಟಿದ್ದು ಮುದ್ದೇನಹಳ್ಳಿಯಲ್ಲಿ. ಅವರ ಹೆಸರಿನಲ್ಲಿರುವ ಮೋಕ್ಷಗುಂಡಂ ಪೂರ್ವಿಕರು ಬಿಟ್ಟುಬಂದ ಆಂಧ್ರದ ಹಳ್ಳಿ. ಕೃಷ್ಣೆಯನ್ನು ದಾಟಿ ಧಾರವಾಡದ ಕಡೆಗೆ ಹೋದರೆ ಕ್ರಮ ತಿರುಗಿಬಿಡುತ್ತದೆ ಎಂದು ಒಬ್ಬ ಮಿತ್ರರು ಹೇಳಿದರು. ಕೃಷ್ಣೆಯನ್ನು ದಾಟಲೇಬೇಕಾಗಿಲ್ಲ, ತುಂಗಭದ್ರೆ ಸಾಕು. ಅಲ್ಲಿ ತಾನು ಮೊದಲು, ತಂದೆ ನಡುವೆ, ಅಡ್ಡಹೆಸರು ಕೊನೆಗೆ: ದತ್ತಾತ್ರೇಯ ರಾಮಚಂದ್ರ ಬೇಂದ್ರೆ.

ಈ ಪದ್ಧತಿಯನ್ನು ಹಳತೆಂದು ಹೀಗಳೆಯುವವರ ಗುಂಪಿಗೆ ನಾನು ಸೇರಿದವಳಲ್ಲ. ನಮ್ಮ ತರಗತಿಯ ಒಬ್ಬ ಗೆಳೆಯನ ತಂದೆ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಕಬ್ಬಿನ ಗದ್ದೆಯಲ್ಲಿ ಕೂಲಿ ಮಾಡಿ ಮಗನನ್ನು ಓದಿಸಿದವರು. ಹತ್ತನೆಯ ತರಗತಿಯ ಅಂಕಪಟ್ಟಿ ಬಂದ ದಿನ ಅವರು ಅಂಕಗಳನ್ನು ಕೇಳಲಿಲ್ಲವಂತೆ. ತಮ್ಮ ಹೆಸರು ಎಲ್ಲಿದೆ ಎಂದು ಕೇಳಿ, ಮಗ ತೋರಿಸಿದ ಜಾಗವನ್ನು ಬಹಳ ಹೊತ್ತು ನೋಡಿ, ‘ಅಚ್ಚಾಗೈತೆ’ ಎಂದಷ್ಟೇ ಹೇಳಿದರಂತೆ. ಅವರ ಬದುಕಿನಲ್ಲಿ ಅವರ ಹೆಸರು ಅಚ್ಚಾದದ್ದು ಅದೊಂದೇ ಕಡೆ ಇರಬೇಕು. ಆ ಗೆಳೆಯನ ಹೆಸರಿನಿಂದ ಆ ಅಕ್ಷರವನ್ನು ತೆಗೆಯಿರಿ ಎಂದು ಯಾರಾದರೂ ಹೇಳಿದರೆ ನಾನೇ ಮೊದಲು ಜಗಳಕ್ಕೆ ನಿಲ್ಲುತ್ತೇನೆ.

ಇನ್ನೊಂದು ಗುಣವೂ ಇದಕ್ಕುಂಟು. ಅಡ್ಡಹೆಸರು ಕೇಳಿದರೆ ಅನೇಕ ವೇಳೆ ಜಾತಿ ಕೇಳಿದ ಹಾಗೆ. ಊರಿನ ಅಕ್ಷರ, ತಂದೆಯ ಅಕ್ಷರ—ಇವೆರಡೂ ಅದನ್ನು ಹೇಳುವುದಿಲ್ಲ. ತಮಿಳುನಾಡಿನಲ್ಲಿ 1929ರ ಚೆಂಗಲ್ಪಟ್ಟು ಸ್ವಾಭಿಮಾನ ಸಮ್ಮೇಳನ ಜಾತಿಸೂಚಕ ಹೆಸರುಗಳನ್ನು ಬಿಡಬೇಕೆಂದು ನಿರ್ಣಯ ಮಾಡಿದ ಮೇಲೆ, ಅಲ್ಲಿ ಅನೇಕರ ಹೆಸರಿಗೆ ಉಳಿದುಕೊಂಡ ಆಸರೆ ತಂದೆಯ ಒಂದು ಅಕ್ಷರ ಮಾತ್ರ.

ತಂದೆಯ ಹೆಸರನ್ನು ಹೊತ್ತು ತಿರುಗುವುದು ನಮ್ಮಲ್ಲಿ ಮಾತ್ರ ಇರುವ ರೂಢಿಯೆಂದು ನಾನು ಬಹುದಿನ ತಿಳಿದಿದ್ದೆ. ಗ್ರಂಥಾಲಯದಲ್ಲಿ ಕುಳಿತು ನೋಡಿದಾಗ ಲೋಕವೆಲ್ಲ ನೆಂಟರಾಗಿ ಕಂಡಿತು. ರಷ್ಯದವರು ಗೌರವದಿಂದ ಕರೆಯಬೇಕಾದರೆ ಮನೆತನದ ಹೆಸರನ್ನು ಬಿಟ್ಟು ಅವನ ಹೆಸರು, ಅವನ ತಂದೆಯ ಹೆಸರು ಎರಡನ್ನೂ ಸೇರಿಸಿ ಕರೆಯುತ್ತಾರೆ. ಟಾಲ್‌ಸ್ಟಾಯ್ ಅವರಿಗೆ ಲೆವ್ ನಿಕೊಲಾಯೆವಿಚ್, ನಿಕೊಲಾಯನ ಮಗ ಲೆವ್. ಅರಬರ ‘ಇಬ್ನ್’, ಸ್ಕಾಟರ ‘ಮ್ಯಾಕ್’ ಎಲ್ಲವೂ ಮಗನೆಂಬ ಮಾತೇ. ವೇಲ್ಸಿನವರ ‘ಆಪ್’ ಕೂಡ ಅದೇ. ಆದರೆ ಆಪ್ ರೀಸ್ ಉಜ್ಜಿ ಉಜ್ಜಿ ಪ್ರೈಸ್ ಆಗಿ, ಆಪ್ ಹೋವೆಲ್ ಪೊವೆಲ್ ಆಗಿ, ಮಗನೂ ಮಾಯ, ಅಪ್ಪನೂ ಅರ್ಧ ಮಾಯ. ಡೆನ್ಮಾರ್ಕಿನಲ್ಲಿ 1828ರಲ್ಲಿ ಸರ್ಕಾರ ಮನೆಗೊಂದು ಶಾಶ್ವತ ಹೆಸರಿರಲಿ ಎಂದು ಆಜ್ಞೆ ಮಾಡಿತು. ಅದು ಹಳ್ಳಿಗಳಲ್ಲಿ ನೆಲೆಗೊಳ್ಳಲು ದಶಕಗಳೇ ಹಿಡಿದುವು. ನೆಲೆಗೊಂಡ ಮೇಲೆ ಆದ ತಮಾಷೆಯೆಂದರೆ, ಹಾನ್ಸನ ಮಗ ಎಂಬರ್ಥದ ಹಾನ್ಸೆನ್ ಎಂಬ ಹೆಸರು ಹೆಣ್ಣುಮಕ್ಕಳಿಗೂ ಅಂಟಿಕೊಂಡಿತು. ತುರ್ಕಿಯಲ್ಲಿ 1934ರ ಕಾನೂನು ಎಲ್ಲರೂ ಒಂದೊಂದು ಮನೆತನದ ಹೆಸರು ಇಟ್ಟುಕೊಳ್ಳಲೇಬೇಕೆಂದಿತು. ಆ ವರ್ಷವೇ ಅಲ್ಲಿನ ಸಂಸತ್ತು ಮುಸ್ತಫಾ ಕೆಮಾಲನಿಗೆ ‘ಅತಾತುರ್ಕ್’ ಎಂಬ ಹೆಸರನ್ನು ಕೊಟ್ಟಿತು. ತುರ್ಕರ ತಂದೆ ಎಂದು ಅದರ ಅರ್ಥ. ಬೇರೆಯವರು ತಂದೆಯ ಹೆಸರು ಹುಡುಕುತ್ತಿದ್ದಾಗ ಅವನು ತಾನೇ ತಂದೆಯಾಗಿಬಿಟ್ಟ!

ನನ್ನ ಮನಸ್ಸಿಗೆ ಹಿಡಿಸಿದ್ದು ಐಸ್ಲೆಂಡ್. ಅಲ್ಲಿ ಇಂದಿಗೂ ಹೆಚ್ಚಿನವರಿಗೆ ಮನೆತನದ ಹೆಸರೇ ಇಲ್ಲ. ಯೋನ್ ಎಂಬುವನ ಮಗ ಯೋನ್ಸನ್, ಮಗಳು ಯೋನ್ಸ್‌ದೋತ್ತಿರ್. ಈ ‘ದೋತ್ತಿರ್’ ನಮ್ಮ ಸಂಸ್ಕೃತ ಅಧ್ಯಾಪಕರು ಹೇಳಿಕೊಡುವ ‘ದುಹಿತೃ’ವಿನ ದಾಯಾದಿ. 1980ರಲ್ಲಿ ಚುನಾವಣೆಯಲ್ಲಿ ಗೆದ್ದು ಆ ದೇಶದ ಅಧ್ಯಕ್ಷೆಯಾದ ವಿಗ್ದಿಸ್ ಫಿನ್‌ಬೊಗದೋತ್ತಿರ್, ಫಿನ್‌ಬೊಗಿಯ ಮಗಳು ವಿಗ್ದಿಸ್. ಅಲ್ಲಿ ಹೆಣ್ಣು ಮದುವೆಯಾದರೂ ಹೆಸರು ಬದಲಾಗುವುದಿಲ್ಲ; ಗಂಡ ಬಂದ ಮಾತ್ರಕ್ಕೆ ಅಪ್ಪ ಬದಲಾದನೆ? ದೂರವಾಣಿ ಪುಸ್ತಕದಲ್ಲಿ ಜನರನ್ನು ಅವರವರ ಸ್ವಂತ ಹೆಸರಿನಿಂದಲೇ ಹುಡುಕಬೇಕು. ಇನ್ನೊಂದು ಸಂಗತಿ ಓದಿ ನಾನು ಪುಸ್ತಕವನ್ನು ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಅಲ್ಲಿ ಬೇಕಾದವರು ತಂದೆಯ ಹೆಸರಿನ ಬದಲು ತಾಯಿಯ ಹೆಸರನ್ನು ಇಟ್ಟುಕೊಳ್ಳಬಹುದು. ಇಂಗ್ಲೆಂಡಿನ ಕ್ಲಬ್ಬುಗಳಿಗೆ ಕಾಲ್ಚೆಂಡು ಆಡಿದ ಒಬ್ಬ ಪ್ರಸಿದ್ಧ ಆಟಗಾರನ ಹೆಸರು ಹೇಯ್ದರ್ ಹೆಲ್ಗುಸನ್. ಹೆಲ್ಗಾ ಹೆಂಗಸಿನ ಹೆಸರು.

ನಮ್ಮ ಪದ್ಧತಿ ಊರು ಬಿಟ್ಟು ಹೊರಟಾಗ ಏನಾಗುತ್ತದೆಂಬುದನ್ನು ನಮ್ಮ ಮನೆಯಲ್ಲೇ ನೋಡಿದ್ದೇನೆ. ನಮ್ಮ ದೊಡ್ಡಮ್ಮನ ಮಗ ಕೆಲಸಕ್ಕಾಗಿ ಪರದೇಶಕ್ಕೆ ಹೋದ. ಪಾಸ್‌ಪೋರ್ಟಿನಲ್ಲಿ ಮನೆತನದ ಹೆಸರಿಗೆ ಒಂದು ಕಲಮು, ಸ್ವಂತ ಹೆಸರಿಗೆ ಒಂದು ಕಲಮು. ಮನೆತನದ ಹೆಸರೆಂಬುದು ನಮ್ಮಲ್ಲಿ ಯಾರಿಗಿದೆ? ಖಾಲಿ ಬಿಟ್ಟರೆ ಮುಂದೆ ತೊಂದರೆಯೆಂದು ಯಾರೋ ಹೇಳಿದರು. ತಂದೆಯ ಹೆಸರನ್ನು ಬಿಡಿಸಿ ಅಲ್ಲಿ ತುಂಬಿದ. ಈಗ ಅಲ್ಲಿನ ಕಚೇರಿಯಲ್ಲಿ ದಿನವೂ ಅವನನ್ನು ಕರೆಯುವುದು ನಮ್ಮ ದೊಡ್ಡಪ್ಪನ ಹೆಸರಿನಿಂದ. ಮೈಸೂರಿನಿಂದ ಆಚೆಗೆ ಹೋಗದ ದೊಡ್ಡಪ್ಪ ಹೆಸರಿನ ಮಟ್ಟಿಗೆ ಸಮುದ್ರ ದಾಟಿ ಲೆಕ್ಕಪತ್ರ ಬರೆಯುತ್ತಿದ್ದಾರೆ. ಇಥಿಯೋಪಿಯದವರದೂ ನಮ್ಮದೇ ಪಾಡು: ತಾನು, ತಂದೆ, ಅಜ್ಜ ಎಂಬುದು ಅವರ ಕ್ರಮ. 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮಹಾನಿರ್ದೇಶಕರಾಗಿ ಆಯ್ಕೆಯಾದ ಟೆಡ್ರೋಸ್ ಅಧಾನೋಮ್ ಘೆಬ್ರೆಯೇಸಸ್ ಅವರನ್ನು ಲೋಕ ‘ಡಾಕ್ಟರ್ ಟೆಡ್ರೋಸ್’ ಎಂದೇ ಕರೆಯಲು ಕಲಿತಿದೆ. ಪಟ್ಟು ಹಿಡಿದರೆ ಲೋಕ ಕಲಿಯುತ್ತದೆ.

ಈಗ ನನ್ನ ಎರಡನೆಯ ಅಕ್ಷರದ ವಿಷಯ.

ನಾನು ನಾಲ್ಕು ವರ್ಷದವಳಿದ್ದಾಗ ನಮ್ಮ ತಂದೆ ಮನೆ ಬಿಟ್ಟು ಹೋದರು. ಬೇರೆ ಊರಿನಲ್ಲಿ ಬೇರೆ ಸಂಸಾರವಿದೆಯೆಂದು ಕೇಳಿದ್ದೇನೆ. ಅವರ ಮೇಲೆ ನನಗೆ ಕೋಪವೂ ಇಲ್ಲ. ಕೋಪ ಮಾಡಿಕೊಳ್ಳಲು ಮುಖವಾದರೂ ನೆನಪಿರಬೇಕಲ್ಲವೆ? ನನ್ನನ್ನು ಸಾಕಿದವಳು ಅವ್ವ. ಗಗನಚುಕ್ಕಿಯನ್ನು ನೋಡಲು ಬರುವ ಪ್ರವಾಸಿಗರಿಗೆ ಬೇಯಿಸಿದ ಕಡಲೆಕಾಯಿ, ಉಪ್ಪು ಖಾರ ಹಚ್ಚಿದ ಸೌತೆಕಾಯಿ, ಮಾವಿನಕಾಯಿ ಮಾರಿ ನನ್ನನ್ನು ಇಲ್ಲಿಯವರೆಗೆ ಓದಿಸಿದ್ದಾಳೆ. ಹೊಳೆ ತುಂಬಿದರೆ ನಮ್ಮ ಮನೆ ತುಂಬುತ್ತದೆ. ಬೇಸಿಗೆಯಲ್ಲಿ ಚುಕ್ಕಿ ಬತ್ತಿದರೆ ನಮ್ಮ ವ್ಯಾಪಾರವೂ ಬತ್ತುತ್ತದೆ.

ವಿದ್ಯಾರ್ಥಿವೇತನದ ಅರ್ಜಿಯನ್ನು ತೆಗೆದುಕೊಂಡು ನಾವಿಬ್ಬರೂ ಒಂದು ಕಚೇರಿಗೆ ಹೋದೆವು. ಯಾವ ಕಚೇರಿಯೆಂಬುದು ಬೇಡ. ಅಲ್ಲಿದ್ದವರು ಕೆಟ್ಟವರಲ್ಲ, ಕಾಗದ ನೋಡಿ ಮಾತನಾಡುವವರು. ‘ತಂದೆ ತೀರಿಕೊಂಡಿದ್ದರೆ ಮರಣಪತ್ರ ತನ್ನಿ, ಬದುಕಿದ್ದರೆ ಸಹಿ ತನ್ನಿ’ ಎಂದರು. ನಮ್ಮ ಹತ್ತಿರ ಎರಡೂ ಇರಲಿಲ್ಲ. ಅವ್ವ ಮೂರು ಸಲ ಆ ಮೆಟ್ಟಿಲು ಹತ್ತಿದಳು. ಮೂರೂ ಸಲ ಒಂದೊಂದು ದಿನದ ವ್ಯಾಪಾರ ಹೋಯಿತು. ಅದರಲ್ಲೊಂದು ಭಾನುವಾರದ ಹಿಂದಿನ ಶನಿವಾರ. ಆ ಎರಡು ದಿನಗಳಿಗೆ ಬೇಯಿಸಬೇಕಾದ ಕಡಲೆಕಾಯಿಯ ಲೆಕ್ಕವನ್ನು ಅವಳು ದಾರಿಯುದ್ದಕ್ಕೂ ಹೇಳುತ್ತಿದ್ದಳು. ಕೊನೆಗೆ ಹಿರಿಯ ನೌಕರರೊಬ್ಬರು ‘ಪೋಷಕರು’ ಎಂಬ ಜಾಗದಲ್ಲಿ ಅವಳ ಸಹಿ ಹಾಕಿಸಿಕೊಂಡು ಅರ್ಜಿಯನ್ನು ತೆಗೆದುಕೊಂಡರು. ಅವರಿಗೆ ನಮ್ಮ ನಮಸ್ಕಾರ. ಹೆತ್ತವಳು ಪೋಷಕಳಾದಳು, ಕಾಣದವರು ತಂದೆಯಾಗಿಯೇ ಉಳಿದರು.

ಹಿಂದಿರುಗುವಾಗ ಬಸ್ಸಿನಲ್ಲಿ ಒಂದು ಯೋಚನೆ ಬಂತು. ನಮ್ಮ ತಂದೆಯ ಹೆಸರೂ ತಾಯಿಯ ಹೆಸರೂ ಇಂಗ್ಲಿಷಿನಲ್ಲಿ ಒಂದೇ ಅಕ್ಷರದಿಂದ ಮೊದಲಾಗುತ್ತವೆ. ಎರಡೂ ‘ಎಂ.’ ಹಾಗಾದರೆ ಈ ‘ಎಂ.’ ಯಾರದೆಂದು ಹೇಳಬೇಕಾದವಳು ನಾನೇ ಅಲ್ಲವೆ? ಕನ್ನಡದ ಹೆಸರಿಗೆ ಇಂಗ್ಲಿಷಿನ ಅಕ್ಷರವನ್ನು ಕನ್ನಡದ ಲಿಪಿಯಲ್ಲಿ ಬರೆದುಕೊಳ್ಳುವ ನಮ್ಮ ವಿಚಿತ್ರ ರೂಢಿಯಿಂದ ಈ ಮಟ್ಟಿನ ಒಂದು ಉಪಕಾರವಾಯಿತು. ಕುವೆಂಪು, ಪು.ತಿ.ನ. ಅವರಂತೆ ಕನ್ನಡದ ಅಕ್ಷರಗಳನ್ನೇ ಇಟ್ಟುಕೊಂಡಿದ್ದರೆ ಗುಟ್ಟು ನಿಲ್ಲುತ್ತಿರಲಿಲ್ಲ: ತಂದೆಯದು ‘ಮಾ’, ತಾಯಿಯದು ‘ಮು’. ಈ ಸಂಚಿಕೆಯ ಸಂಪಾದಕರು ನಾನು ಬರೆದುಕೊಟ್ಟಂತೆಯೇ ಅಚ್ಚು ಹಾಕಿದರೆ ಲೇಖನದ ತಲೆಯಲ್ಲಿ ಯಾವುದಿದೆಯೆಂದು ವಾಚಕರು ನೋಡಿಕೊಳ್ಳಬಹುದು.

ಇದು ಪರದೇಶದ ಗಾಳಿ ಎನ್ನುವವರಿಗೆ ಒಂದೆರಡು ಮಾತು. ಛಾಂದೋಗ್ಯದಲ್ಲಿ ಸತ್ಯಕಾಮನೆಂಬ ಹುಡುಗ ಗುರುವಿನ ಬಳಿಗೆ ಓದಲು ಹೋಗುತ್ತಾನೆ. ಗುರು ಗೌತಮನು ಗೋತ್ರ ಯಾವುದೆಂದು ಕೇಳುತ್ತಾನೆ. ಅದೂ ಒಂದು ಪ್ರವೇಶಪತ್ರದ ಕಲಮೇ. ಹುಡುಗನ ತಾಯಿ ಜಬಾಲೆಗೆ ಅದು ಗೊತ್ತಿಲ್ಲ. ತನ್ನ ಹೆಸರನ್ನೇ ಹೇಳೆಂದು ಕಳಿಸಿದ್ದಾಳೆ. ಹುಡುಗ ಇದ್ದದ್ದನ್ನು ಇದ್ದಂತೆ ಹೇಳುತ್ತಾನೆ, ಗೌತಮ ಅವನನ್ನು ಸೇರಿಸಿಕೊಳ್ಳುತ್ತಾನೆ. ಸತ್ಯಕಾಮ ಜಾಬಾಲನೆಂದೇ ಅವನು ಉಳಿದ. ಗೌತಮನು ಮರಣಪತ್ರ ಕೇಳಲಿಲ್ಲ. ಇನ್ನು ಕೌಂತೇಯ, ರಾಧೇಯ, ಗಾಂಗೇಯ, ಸೌಮಿತ್ರಿ, ಆಂಜನೇಯ—ಇವೆಲ್ಲ ತಾಯಿಂದ ಬಂದ ಹೆಸರುಗಳೆಂದು ಯಕ್ಷಗಾನ, ಹರಿಕಥೆ ಕೇಳಿದ ಯಾರಿಗಾದರೂ ಗೊತ್ತು. ಇವರಲ್ಲಿ ರಾಧೇಯನದು ಸಾಕಿದ ತಾಯಿಯ ಹೆಸರು.

ಪುರಾಣ ಬೇಡ, ಚರಿತ್ರೆ ಬೇಕು ಎನ್ನುವುದಾದರೆ ಮಳವಳ್ಳಿಯ ಶಾಸನವಿದೆ. ನಮ್ಮ ಮಳವಳ್ಳಿಯಲ್ಲ, ಶಿಕಾರಿಪುರ ತಾಲ್ಲೂಕಿನ ಮಳವಳ್ಳಿ. (ಊರಿನ ಅಕ್ಷರವನ್ನು ಎಷ್ಟು ನಂಬಬಹುದೆಂಬುದಕ್ಕೆ ಇದೂ ಒಂದು ನಿದರ್ಶನ.) ಕದಂಬರಿಗೂ ಹಿಂದೆ ಬನವಾಸಿಯನ್ನು ಆಳಿದ ಚುಟು ವಂಶದ ಶಾತಕರ್ಣಿಯನ್ನು ಅಲ್ಲಿನ ಕಂಬದ ಪ್ರಾಕೃತ ಶಾಸನ ‘ಹಾರಿತೀಪುತ್ರ’ನೆಂದು ಕರೆಯುತ್ತದೆ. ಅವನಿಗೂ ಹಿಂದಿನ ಸಾತವಾಹನರಲ್ಲಿ ಗೌತಮೀಪುತ್ರ, ವಾಸಿಷ್ಠೀಪುತ್ರ ಎಂಬ ರಾಜರಿದ್ದರು. ಚರಿತ್ರೆಯ ಅಧ್ಯಾಪಕರು ನನ್ನನ್ನು ಇಲ್ಲಿ ತಡೆದು, ಇವು ತಾಯಿಯ ಗೋತ್ರದಿಂದ ಬಂದ ಹೆಸರುಗಳು, ಆ ಗೋತ್ರ ಅವಳಿಗೆ ಬಂದದ್ದು ಅವಳ ತಂದೆಯಿಂದ ಎಂದು ತಿದ್ದಿದರು. ತಿದ್ದುಪಡಿಯನ್ನು ಒಪ್ಪಿದ್ದೇನೆ. ಆದರೂ ಕಲ್ಲಿನ ಮೇಲೆ ತಾಯಿಯ ಕಡೆಯನ್ನು ಕಡೆಯಿಸಲು ಆ ರಾಜರು ನಾಚಲಿಲ್ಲವೆಂಬುದಷ್ಟೇ ನನ್ನ ವಾದ. ನಮ್ಮ ಕಾಲಕ್ಕೆ ಹತ್ತಿರದವರೆಂದರೆ ಮತ್ತೆ ಬೇಂದ್ರೆಯವರೇ. ಮನೆಯ ಲೆಕ್ಕದಲ್ಲಿ ರಾಮಚಂದ್ರರ ಮಗ. ಬಾಲ್ಯದಲ್ಲೇ ತಂದೆಯನ್ನು ಕಳೆದುಕೊಂಡವರು. ಕವಿತೆಯ ಲೆಕ್ಕದಲ್ಲಿ ಅವರು ಅಂಬಿಕಾತನಯದತ್ತ, ಅಂಬಿಕೆಯ ಮಗ ದತ್ತ. ಕನ್ನಡಿಗರು ಅರ್ಧ ಶತಮಾನಕ್ಕೂ ಮೀರಿ ಆ ಹೆಸರನ್ನು ಹಾಡುಗಳ ಕೊನೆಯಲ್ಲಿ ಕೇಳುತ್ತ ಬಂದಿದ್ದಾರೆ. ತಂದೆಯ ಹೆಸರೆಲ್ಲಿ ಎಂದು ಯಾರೂ ಕೇಳಿದಂತಿಲ್ಲ.

ನಮ್ಮ ಊರಿನಲ್ಲಿಯೂ ಇಂಥದೊಂದು ಹೆಸರು ಓಡಾಡಿಹೋಗಿದೆ. ಶಿವನಸಮುದ್ರದ ವಿದ್ಯುದಾಗಾರದಿಂದ 1902ರಲ್ಲಿ 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತು ಹರಿದದ್ದನ್ನು ಎಲ್ಲರೂ ಬಲ್ಲರು. ಆ ಯೋಜನೆಯ ಹಿಂದಿದ್ದವರು ಇಬ್ಬರು. ಒಬ್ಬರು ದಿವಾನ್ ಕೆ. ಶೇಷಾದ್ರಿ ಅಯ್ಯರ್, ಅವರ ‘ಕೆ’ ಪಾಲ್ಘಾಟ್ ಕಡೆಯ ಕುಮಾರಪುರಂ. ದೀಪ ಹತ್ತುವುದನ್ನು ನೋಡದೆಯೇ 1901ರಲ್ಲಿ ಅವರು ತೀರಿಕೊಂಡರು. ಇನ್ನೊಬ್ಬರು ಮೈಸೂರು ಸಂಸ್ಥಾನದಲ್ಲಿ ಎಂಜಿನಿಯರಾಗಿದ್ದ ಕ್ಯಾಪ್ಟನ್ ಆಲೆನ್ ಶಾರ್ಟಿಯೆ ಜೋಲಿ ಡಿ ಲಾಟ್ಬಿನಿಯೇರ್. ಇಷ್ಟುದ್ದದ ಹೆಸರನ್ನು ಬಿಡಿಸಿ ನೋಡಿದೆ. ಜೋಲಿ ಎಂಬುದು ಅಜ್ಜನ ಮನೆತನ. ಆತ ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿದ ವರ್ತಕ. ಲಾಟ್ಬಿನಿಯೇರ್ ಎಂಬುದು ಕೆನಡದ ಒಂದು ಜಹಗೀರು. ಅದರ ವಾರಸುದಾರಳು ಅಜ್ಜಿ, ಜೂಲಿ ಶಾರ್ಟಿಯೆ ಡಿ ಲಾಟ್ಬಿನಿಯೇರ್. ಈ ಎಂಜಿನಿಯರ ತಂದೆ 1878–79ರಲ್ಲಿ ಕ್ವಿಬೆಕ್ ಪ್ರಾಂತದ ಪ್ರಧಾನಿಯಾಗಿದ್ದವರು. ಅಂಥ ಮನೆಯವರೂ ಹೆಣ್ಣಿನ ಕಡೆಯಿಂದ ಬಂದ ಹೆಸರನ್ನು ಹೆಮ್ಮೆಯಿಂದ ಹೊತ್ತರು. ಜಹಗೀರು ಬಂದದ್ದಕ್ಕೆ ಹೊತ್ತರು ಎನ್ನಬಹುದು. ನನಗೂ ಒಂದು ಬುಟ್ಟಿ, ತಕ್ಕಡಿ, ಎರಡು ಅಳತೆಯ ಪಾವು ತಾಯಿಯ ಕಡೆಯಿಂದಲೇ ಬರಬೇಕಾಗಿದೆ.

ಆಕ್ಷೇಪಣೆಗಳಿಲ್ಲದಿಲ್ಲ. ಅವುಗಳಲ್ಲಿ ಮೊದಲನೆಯದು ನಮ್ಮ ತಾತನದು, ಅವ್ವನ ಅಪ್ಪ. ‘ಅಪ್ಪ ಅನ್ನೋನು ಇದ್ರೂ ಅಪ್ಪನೇ, ಹೋದ್ರೂ ಅಪ್ಪನೇ. ಅಕ್ಸರ ತಗುದ್ಬುಟ್ರೆ ಊರ್ನೋರು ಏನಂದಾರು?’ ಎಂದು ಕೇಳಿದ. ತಾತನಿಗೆ ನಾನು ಎದುರು ಹೇಳಲಿಲ್ಲ. ಆದರೆ ಊರಿನವರು ಏನೆನ್ನುತ್ತಾರೆಂಬುದು ನನಗೆ ಗೊತ್ತು. ಹಬ್ಬದಲ್ಲೋ ಜಾತ್ರೆಯಲ್ಲೋ ಯಾರಾದರೂ ಮುದುಕಿ ‘ಯಾರ ಮಗಳವ್ವ ನೀನು?’ ಎಂದು ಕೇಳಿದರೆ ಪಕ್ಕದಲ್ಲಿದ್ದವರು ಅವ್ವನ ಹೆಸರನ್ನೇ ಹೇಳುತ್ತಾರೆ. ಊರು ಈ ಪ್ರಶ್ನೆಯನ್ನು ಎಂದೋ ತೀರ್ಮಾನಿಸಿಬಿಟ್ಟಿದೆ, ಕಾಗದವಿನ್ನೂ ತೀರ್ಮಾನಿಸಿಲ್ಲ.

ಎರಡನೆಯ ಆಕ್ಷೇಪಣೆ ನನ್ನದೇ, ಅದು ಹೆಚ್ಚು ಕಷ್ಟದ್ದು. ಅವ್ವನ ಹೆಸರಿಗೂ ಒಂದು ತಲೆಕಟ್ಟು ಇದೆ. ಶಾಲೆಯ ದಾಖಲೆಯಲ್ಲಿ ಅದು ತಾತನದು. ಮತದಾರರ ಚೀಟಿಯಲ್ಲಿ ಗಂಡನ ಹೆಸರಿದೆ. ನಾನು ಅವಳ ಹೆಸರು ಇಟ್ಟುಕೊಂಡರೆ ಒಂದು ತಲೆ ಹಿಂದಕ್ಕೆ ಸರಿದು ಮತ್ತೊಬ್ಬ ಗಂಡಸಿನ ಬಾಗಿಲಿಗೇ ಹೋಗಿ ನಿಂತಂತಾಯಿತಲ್ಲ! ಇದಕ್ಕೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಅವಳ ಸ್ವಂತ ಹೆಸರು ಅವಳದೇ ಎಂಬುದಷ್ಟು ಸದ್ಯಕ್ಕೆ ಸಾಕು. ಅದನ್ನಷ್ಟೇ ನಾನು ತೆಗೆದುಕೊಳ್ಳುತ್ತಿದ್ದೇನೆ.

ಕಾನೂನು ಅಡ್ಡಬರುತ್ತದೆಯೇ ಎಂದು ಕೆಲವರು ಕೇಳಿದರು. ಕಾನೂನು ನಮ್ಮ ಅರ್ಜಿ ನಮೂನೆಗಳಿಗಿಂತ ಬಹಳ ಮುಂದೆ ಹೋಗಿದೆ. 1956ರ ಹಿಂದೂ ಅಪ್ರಾಪ್ತವಯಸ್ಕರ ಪೋಷಕತ್ವದ ಕಾನೂನು ಮಗುವಿಗೆ ತಂದೆ ಪೋಷಕ, ಅವನ ನಂತರ ತಾಯಿ ಎಂದಿತ್ತು. ಲೇಖಕಿ ಗೀತಾ ಹರಿಹರನ್ ಅವರ ಮೊಕದ್ದಮೆಯಲ್ಲಿ 1999ರಲ್ಲಿ ಸುಪ್ರೀಂ ಕೋರ್ಟು, ‘ನಂತರ’ ಎಂದರೆ ತಂದೆ ಸತ್ತ ನಂತರ ಎಂದಷ್ಟೇ ಅಲ್ಲ, ಅವನ ಗೈರುಹಾಜರಿಯಲ್ಲಿ ಎಂದೂ ಅರ್ಥಮಾಡಬೇಕೆಂದು ತೀರ್ಪು ಕೊಟ್ಟಿತು. ಗೈರುಹಾಜರಿ! ಹಾಜರಿ ಪುಸ್ತಕದ ಈ ಮಾತು ನಮಗೆ ಅಪರಿಚಿತವೇನಲ್ಲ. ನಾಲ್ಕು ವರ್ಷದಿಂದ ಇಪ್ಪತ್ತು ವರ್ಷದವರೆಗೆ ಒಂದು ದಿನವೂ ಹಾಜರಾಗದವರ ಸಹಿಯನ್ನು ನನ್ನಿಂದ ಕೇಳಿದರಲ್ಲ, ಅದಕ್ಕೆ ಉತ್ತರ ನಾನು ಹುಟ್ಟುವ ಮೊದಲೇ ಬರೆದಿಟ್ಟಿತ್ತು. 2016ರ ಡಿಸೆಂಬರಿನಿಂದ ಪಾಸ್‌ಪೋರ್ಟಿನ ಅರ್ಜಿಗೆ ತಂದೆತಾಯಿಗಳಲ್ಲಿ ಒಬ್ಬರ ಹೆಸರು ಸಾಕು. 2018ರ ಡಿಸೆಂಬರಿನಿಂದ, ತಾಯಿಯೊಬ್ಬಳೇ ಸಾಕಿದವರು ಆದಾಯ ತೆರಿಗೆಯ ಪ್ಯಾನ್ ಚೀಟಿಗೆ ತಂದೆಯ ಹೆಸರನ್ನು ಕೊಡಬೇಕಾಗಿಲ್ಲ. ಮಹಾರಾಷ್ಟ್ರ ಸರ್ಕಾರ 2024ರ ಮೇ 1ರಿಂದ ಹುಟ್ಟಿದ ಮಕ್ಕಳ ದಾಖಲೆಗಳಲ್ಲಿ ಮಗುವಿನ ಹೆಸರಾದ ಮೇಲೆ ಮೊದಲು ತಾಯಿಯ ಹೆಸರು, ಆಮೇಲೆ ತಂದೆಯದು ಬರಬೇಕೆಂದು ನಿಯಮ ಮಾಡಿತು.

ಪ್ರಾಂಶುಪಾಲರಲ್ಲಿ ನನ್ನ ವಿನಂತಿ ಇಷ್ಟೇ. ಅಂಕಪಟ್ಟಿ, ಪದವಿಪತ್ರಗಳು ನಮ್ಮ ಕಾಲೇಜಿನ ಕೈಯಲ್ಲಿಲ್ಲವೆಂದು ನಾನು ಬಲ್ಲೆ. ಆದರೆ ಗ್ರಂಥಾಲಯದ ಚೀಟಿ, ಗುರುತಿನ ಚೀಟಿಯ ಅರ್ಜಿ, ಪ್ರವಾಸದ ಒಪ್ಪಿಗೆ ಪತ್ರ—ಇವುಗಳ ನಮೂನೆಗಳು ಕಾಲೇಜಿನಲ್ಲಿಯೇ ತಯಾರಾಗುತ್ತವೆ. ಅವುಗಳಲ್ಲಿ ‘ತಂದೆಯ ಹೆಸರು’ ಎಂದಿರುವ ಕಡೆ ‘ತಂದೆ ಅಥವಾ ತಾಯಿಯ ಹೆಸರು’ ಎಂದು ಮುಂದಿನ ವರ್ಷದಿಂದ ಹಾಕಿಸಬೇಕು. ‘ಅಥವಾ ತಾಯಿಯ’ ಎಂಬೆರಡು ಮಾತು ಹೆಚ್ಚಾಗುತ್ತವೆ. ಕಾಗದ ಅಷ್ಟೇ ಸಾಕಾಗುತ್ತದೆ. ಕಬ್ಬಿನ ಗದ್ದೆಯ ಆ ಹಿರಿಯರ ಹೆಸರು ಅವರ ಮಗನ ಚೀಟಿಯಲ್ಲಿ ಮೊದಲಿನಂತೆಯೇ ಅಚ್ಚಾಗುತ್ತದೆ.

ಈ ಲೇಖನವನ್ನು ಸಂಪಾದಕರಿಗೆ ಕೊಡುವ ಮೊದಲು ಅವ್ವನಿಗೆ ಓದಿ ಹೇಳಿದೆ. ಕಡಲೆಕಾಯಿ ಆರಿಸುತ್ತಲೇ ಕೊನೆಯವರೆಗೂ ಕೇಳಿ, ‘ಇಷ್ಟುದ್ದ ಬರ್ದಿದ್ದೀಯ, ನನ್ ಹೆಸ್ರೇ ಎಲ್ಲೂ ಕಾಣ್ನಿಲ್ವಲ್ಲ’ ಎಂದಳು. ಮಾತು ನಿಜ. ಆದರೆ ಅಚ್ಚಿನಲ್ಲಿ ತನ್ನ ಹೆಸರು ಹಾಕಬೇಡವೆಂದು ಹಿಂದಿನ ದಿನ ಆಣೆ ಇಟ್ಟವಳೂ ಅವಳೇ.